ದುಡಿಸಿ ಉಣಿಸುವದೋ, ಉಣಿಸಿ ದುಡಿಸುವದೋ

(ಬೆಳಗಾವಿಯ ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ. ಖಾನಾಪುರ ತಾಲ್ಲೂಕಿನ ಭಕ್ತರೂ ಈ ಗೋಷ್ಠಿಗೆ ಆಗಮಿಸಿದ್ದರು.)



ಕಳೆದ ವಾರ ನಾವು ಖಾನಾಪುರಕ್ಕೆ ಹೋಗಿದ್ದೆವು. ಹೋಗುವದಕ್ಕೆ ಮುಂಚೆ ಇಲ್ಲಿ, ಈ ನಗರದಲ್ಲಿ, ಒಬ್ಬ ಭಕ್ತರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರು ವ್ಯಾಪಾರಸ್ಥರು, ಹೊಲವನ್ನೂ ಇಟ್ಟುಕೊಂಡವರು, ಮಠದ ದಾಸೋಹಕ್ಕೆ ಪ್ರತಿವರುಷ ಧಾನ್ಯ ಕೊಡುವವರು. ಅವರು ಕೇಳಿದರು: “ಅಜ್ಜಾರ, ದುಡಿದು ಉಣ್ಣಬೇಕು ಅಂತ ಬಸವಣ್ಣನವರು ಹೇಳಿದರು. ಈಗ ಸರಕಾರ ಕೂತವರಿಗೆ ಉಣ್ಣಾಕ ಹಾಕತೈತಿ. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ತಿಂಗಳಾ ರೊಕ್ಕ ಪುಕ್ಕಟೆ. ಹೊಲಕ್ಕ ಆಳು ಸಿಗೂದಿಲ್ಲ. ಇದು ಕಾಯಕಕ್ಕ ವಿರುದ್ಧ ಅಲ್ಲೇನ್ರಿ?”

ಅದೇ ದಿವಸ ಸಂಜೆ ಖಾನಾಪುರದಲ್ಲಿ ಕಾಡಂಚಿನ ಊರಿನ ಒಬ್ಬ ತಾಯಿ ಬಂದು ನಮಸ್ಕಾರ ಮಾಡಿ ಮತ್ತೊಂದು ಪ್ರಶ್ನೆ ಕೇಳಿದಳು: “ಯಪ್ಪಾ, ನಾವು ದುಡಿಯಾಕ ತಯಾರದೀವಿ. ಕೆಲಸ ಕೊಡ್ರಿ ಅಂತ ಪಂಚಾಯ್ತಿಗೆ ಚೀಟಿ ಕೊಟ್ಟು ತಿಂಗಳಾತು. ಕೆಲಸ ಇಲ್ಲ. ಕೂತು ಉಣ್ಣತಾರ ಅಂತ ನಮ್ಮನ್ನ ಯಾಕ ಬೈತಾರ್ರಿ?”

ಒಂದೇ ದಿವಸದಲ್ಲಿ ಎರಡು ಪ್ರಶ್ನೆ. ಒಬ್ಬರು ಬೈಯುತ್ತಾರೆ, ಒಬ್ಬರು ಬೈಸಿಕೊಳ್ಳುತ್ತಾರೆ. ಇಬ್ಬರೂ ನಮ್ಮ ಭಕ್ತರೇ. ಇಬ್ಬರ ಬಾಯಲ್ಲಿಯೂ ಇರುವ ಮಾತು ಒಂದೇ, ಕಾಯಕ. ಆದುದರಿಂದ ಈ ಹೊತ್ತು ಇದನ್ನೇ ವಿಚಾರ ಮಾಡೋಣ. ನೆರವು ಪಡೆಯುವವನು ದುಡಿಯಲೇಬೇಕೆಂಬ ನಿಯಮ ಸರಿಯೋ ತಪ್ಪೋ? ಸರಿಯಾದರೆ ಆ ನಿಯಮ ಹೇಗಿರಬೇಕು?

ಮೊದಲು ನಮ್ಮ ಮನೆಯ ಮಾತನ್ನು ತೆಗೆದುಕೊಳ್ಳೋಣ. ಶರಣರು ನಮಗೆ ಎರಡು ಮಾತುಗಳನ್ನು ಜೋಡಿಯಾಗಿ ಕೊಟ್ಟರು: ಕಾಯಕ ಮತ್ತು ದಾಸೋಹ. ಕಾಯದಿಂದ ಮಾಡುವದು ಕಾಯಕ. ದಾಸನು ನಾನು ಎಂಬ ಭಾವದಿಂದ ಕೊಡುವದು ದಾಸೋಹ. ಕಾಯಕ ಇಲ್ಲದ ದಾಸೋಹಕ್ಕೆ ಬುಡವಿಲ್ಲ, ದಾಸೋಹ ಇಲ್ಲದ ಕಾಯಕಕ್ಕೆ ಫಲವಿಲ್ಲ. ಇದು ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ಈ ಜೋಡಿಯಲ್ಲಿ ಒಂದು ಸೂಕ್ಷ್ಮ ಇದೆ. ಅದನ್ನು ನಾವು ಮರೆಯುತ್ತೇವೆ.

ಆಯ್ದಕ್ಕಿ ಮಾರಯ್ಯನವರ ಕಥೆ ನೀವು ಬಲ್ಲಿರಿ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ಮಾಡುವದು ಅವರ ಕಾಯಕ. ಒಂದು ದಿವಸ ಹೆಚ್ಚು ಅಕ್ಕಿ ಬಿದ್ದಿತ್ತು, ಹೆಚ್ಚು ತಂದರು. ಪತ್ನಿ ಲಕ್ಕಮ್ಮ ಅದನ್ನು ಕಂಡು, ನಿತ್ಯಕ್ಕಿಂತ ಮಿಕ್ಕಿದ್ದು ನಮಗೆ ಬೇಡ, ಹೋಗಿ ಅಲ್ಲಿಯೇ ಸುರಿದು ಬನ್ನಿರಿ ಎಂದಳು. ನುಲಿಯ ಚಂದಯ್ಯನವರ ಕಥೆ ಇನ್ನೂ ಕಠೋರ. ಹುಲ್ಲು ಕೊಯ್ಯುವಾಗ ಜಾರಿದ ಇಷ್ಟಲಿಂಗವನ್ನು ಬಿಟ್ಟು ಕಾಯಕಕ್ಕೆ ನಡೆದುಬಿಟ್ಟರು. ಕೊನೆಗೆ ಲಿಂಗದೇವನ ಕೈಯಲ್ಲಿಯೂ ಹಗ್ಗ ಮಾರಿಸಿದರೆಂದು ಪುರಾಣಕಾರರು ಹೇಳುತ್ತಾರೆ. ದೇವರಿಗೂ ಕಾಯಕ ತಪ್ಪಲಿಲ್ಲ.

ಈ ಎರಡು ಕಥೆಗಳನ್ನು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವದು ಸುಲಭ. ಆದರೆ ಲಕ್ಕಮ್ಮ ಆ ಕಟ್ಟುನಿಟ್ಟಿನ ಮಾತನ್ನು ಯಾರಿಗೆ ಹೇಳಿದಳು? ತನ್ನ ಗಂಡನಿಗೆ. ಅಂದರೆ ತನಗೆ. ತನ್ನ ಮನೆಗೆ ಉಣ್ಣಲು ಬಂದವರಿಗೆ, ನೀನು ಈ ಹೊತ್ತು ಎಷ್ಟು ದುಡಿದೆ, ಲೆಕ್ಕ ಒಪ್ಪಿಸು, ಆಮೇಲೆ ಎಲೆ ಹಾಕುತ್ತೇನೆ ಎಂದು ಹೇಳಿದಳೇ? ಹೇಳಲಿಲ್ಲ. ಶರಣರು ಕಾಯಕದ ಬಿಗಿಯನ್ನು ತಮ್ಮ ಮೇಲೆ ಹಾಕಿಕೊಂಡರು, ದಾಸೋಹದ ಸಡಿಲನ್ನು ಬಂದವರ ಕಡೆಗೆ ಇಟ್ಟರು. ತಾನೇ ಹೊತ್ತುಕೊಂಡರೆ ಅದು ವ್ರತ. ಇನ್ನೊಬ್ಬನ ತಲೆಯ ಮೇಲೆ ಹೊರಿಸಿದರೆ ಅದು ಷರತ್ತು. ವ್ರತಕ್ಕೆ ಶ್ರದ್ಧೆ ಸಾಕು. ಷರತ್ತಿಗೆ ನ್ಯಾಯ ಬೇಕು.

ಷರತ್ತು ಹಾಕಲೇಬಾರದು ಎಂದು ನಾವು ಹೇಳುವದಿಲ್ಲ. ಹತ್ತು ಜನರ ಬೆವರಿನ ಹಣವನ್ನು ಹಂಚುವಾಗ ನಿಯಮ ಬೇಕು. ಆದರೆ ಷರತ್ತು ಹಾಕಿದವನ ಮೇಲೆಯೂ ಒಂದು ಋಣ ಬೀಳುತ್ತದೆ. ಅದು ಏನೆಂಬುದನ್ನು ನಮ್ಮ ನಾಡಿನ ಇತಿಹಾಸವೇ ಹೇಳುತ್ತದೆ.

1876ರಿಂದ 1878ರವರೆಗೆ ಬಿದ್ದ ಬರವನ್ನು ನಮ್ಮ ಹಿರಿಯರು ಧಾತು ಬರ ಎಂದು ಕರೆದರು. ಆಗ ಬೆಳಗಾವಿ, ಧಾರವಾಡ, ವಿಜಾಪುರದ ಸೀಮೆಗಳು ಮುಂಬಯಿ ಇಲಾಖೆಯಲ್ಲಿದ್ದವು. ಹಸಿದವರಿಗೆ ಅನ್ನ ಹಾಕಬೇಕಾದರೆ ಅವರಿಂದ ಕಲ್ಲು ಒಡೆಸಬೇಕು, ರಸ್ತೆ ಹಾಕಿಸಬೇಕು, ಕೆರೆ ತೋಡಿಸಬೇಕು ಎಂದು ಆಂಗ್ಲ ಸರಕಾರ ನಿಯಮ ಮಾಡಿತು. ಅಷ್ಟಕ್ಕೇ ನಿಲ್ಲಲಿಲ್ಲ. ನಿಜವಾಗಿ ಹಸಿದವನೋ ಅಲ್ಲವೋ ಎಂದು ಪರೀಕ್ಷಿಸಲು ಕೆಲಸದ ಜಾಗೆಯನ್ನು ಊರಿನಿಂದ ದೂರ ಇಟ್ಟರು. ಅಷ್ಟು ದೂರ ನಡೆದು ಬಂದರೆ ಹಸಿವು ನಿಜ, ಬರದಿದ್ದರೆ ಸುಳ್ಳು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಹಾಗೂ ಮೇಲೆ ಸ್ವಲ್ಪ ಪುಡಿಗಾಸು ಎಂದು ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋಕ್ಕೂ ಕಡಿಮೆ. ದಿನವೆಲ್ಲ ಕಲ್ಲು ಒಡೆಯುವವನಿಗೆ ಅಷ್ಟು. ಮುಂಬಯಿ ಇಲಾಖೆಯಲ್ಲಿ ಸಾವಿರಗಟ್ಟಲೆ ಜನ ಕೆಲಸ ಬಿಟ್ಟು ಎದ್ದು ನಡೆದರು. ಹಸಿದವರೇ ಮುಷ್ಕರ ಹೂಡಿದರು! ದುಡಿಯಲು ಮನಸ್ಸಿಲ್ಲದೆ ಅಲ್ಲ. ಆ ಧಾನ್ಯದಿಂದ ಹುಟ್ಟುವ ಶಕ್ತಿಗಿಂತ ಆ ಕೆಲಸಕ್ಕೆ ಬೇಕಾಗುವ ಶಕ್ತಿ ಹೆಚ್ಚಾಗಿತ್ತು. ನಡೆಯಲಾರದವನೇ ಎಲ್ಲರಿಗಿಂತ ಹೆಚ್ಚು ಹಸಿದವನು ಎಂಬ ಸರಳ ಸಂಗತಿ ಆ ನಿಯಮ ಮಾಡಿದವರಿಗೆ ಹೊಳೆಯಲಿಲ್ಲ.

ಈ ಬುದ್ಧಿ ಅವರಿಗೆ ಎಲ್ಲಿಂದ ಬಂತು? 1834ರಲ್ಲಿ ಅವರ ದೇಶದಲ್ಲಿಯೇ ಬಡವರ ಕಾಯಿದೆಯೊಂದು ಆಯಿತು. ನೆರವು ಬೇಕಾದವನು ದುಡಿಮೆಯ ಮನೆ ಎಂಬ ದೊಡ್ಡಿಯೊಳಗೆ ಬರಬೇಕು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಹೊರಗಿನ ಅತಿ ಬಡ ಕೂಲಿಕಾರನ ಬಾಳಿಗಿಂತ ಒಳಗಿನವನ ಬಾಳು ಕೆಳಗಿರಬೇಕು ಎಂಬುದೇ ಅದರ ಸೂತ್ರ. ಯಾರೂ ಒಳಗೆ ಬರಬಾರದೆಂದು ಬಾಗಿಲನ್ನು ಕಟ್ಟುವದಾದರೆ ಅದಕ್ಕೆ ಬಾಗಿಲೆಂಬ ಹೆಸರು ಯಾಕೆ? ಗೋಡೆ ಎನ್ನಬಹುದಲ್ಲ!

ಇನ್ನು ಎರಡನೆಯ ಸಂಗತಿ. ಇದು ಇದೇ ಬೆಳಗಾವಿಯದು. 1924ರ ಡಿಸೆಂಬರದಲ್ಲಿ ನಮ್ಮ ಟಿಳಕವಾಡಿಯಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನ ಆಯಿತು. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನ ಅದು. ಕಾಂಗ್ರೆಸ್ ಬಾವಿಯನ್ನು ನೀವು ದಿನಾಲು ನೋಡುತ್ತೀರಿ. ಆ ಅಧಿವೇಶನದಲ್ಲಿ ಒಂದು ನಿಯಮ ಆಯಿತು. ಸದಸ್ಯನಾಗಬೇಕಾದವನು ತಿಂಗಳಿಗೆ 2000 ಗಜ ನೂಲು ನೂತು ಕೊಡಬೇಕು. ಬಾಯಿಮಾತಿನ ದೇಶಭಕ್ತಿ ಸಾಲದು, ಕೈಯಿಂದ ದುಡಿಯಬೇಕು ಎಂಬುದು ಅದರ ಭಾವ. ನಮ್ಮ ಕಾಯಕಕ್ಕೆ ಬಹಳ ಹತ್ತಿರದ ಭಾವ. ಆದರೆ ಅದೇ ನಿಯಮದೊಳಗೆ, ರೋಗಿಯಾದವನು ಅಥವಾ ಬೇರೆ ಕಾರಣ ಇದ್ದವನು ಇನ್ನೊಬ್ಬರು ನೂತ ನೂಲನ್ನು ತಂದು ಕೊಡಬಹುದು ಎಂದೂ ಬರೆದರು. ವರುಷ ತುಂಬುವದರೊಳಗೆ, 1925ರ ಸೆಪ್ಟೆಂಬರದಲ್ಲಿ ಪಾಟಣಾದಲ್ಲಿ ಸೇರಿ, ನೂಲು ಕೊಡಬಹುದು ಇಲ್ಲವೆ ನಾಲ್ಕಾಣೆ ಕೊಡಬಹುದು ಎಂದು ಬದಲಿಸಿದರು. ನಿಯಮ ಮಾಡಿದವರು ಅದು ಹೇಗೆ ನಡೆಯುತ್ತದೆಂದು ಕಣ್ಣಿಟ್ಟು ನೋಡಿದರು, ನಡೆಯದಾಗ ತಿದ್ದಿದರು. ಗಾಂಧೀಜಿ ಗಟ್ಟಿಮುಟ್ಟಾದವನಿಗೆ ದುಡಿಮೆ ಇಲ್ಲದೆ ಅನ್ನ ಹಾಕುವ ಸದಾವ್ರತಗಳನ್ನು ಒಪ್ಪಿದವರಲ್ಲ. ಅಂಥವರೇ ತಮ್ಮ ನಿಯಮವನ್ನು ತಿದ್ದಿಕೊಂಡರು. ಇದನ್ನು ಲಕ್ಷ್ಯದಲ್ಲಿ ಇಡಿರಿ.

ಇನ್ನು ನಮ್ಮ ಕಾಲಕ್ಕೆ ಬರೋಣ. 1972ರ ಭೀಕರ ಬರಗಾಲದಲ್ಲಿ ನೆರೆಯ ಮಹಾರಾಷ್ಟ್ರದವರು ಉದ್ಯೋಗ ಖಾತರಿ ಎಂಬ ಯೋಜನೆ ಮಾಡಿದರು. 1977ರಲ್ಲಿ ಅದನ್ನು ಕಾಯಿದೆಯಾಗಿ ಮಾಡಿದರು. ಹಳ್ಳಿಯವನು ಕೆಲಸ ಕೇಳಿದರೆ ಸರಕಾರ ಕೊಡಲೇಬೇಕು. ಅದರ ವೆಚ್ಚಕ್ಕಾಗಿ ಪಟ್ಟಣದ ಪಗಾರದಾರರ ಮೇಲೆ ವೃತ್ತಿ ತೆರಿಗೆ ಹಾಕಿದರು. ಪಟ್ಟಣದ ಕಾಯಕ ಹಳ್ಳಿಯ ದಾಸೋಹವಾಯಿತು. ಮುಂದೆ 2005ರಲ್ಲಿ ಇಡೀ ದೇಶಕ್ಕೆ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಬಂತು. 2006ರ ಫೆಬ್ರುವರಿ 2ರಂದು 200 ಜಿಲ್ಲೆಗಳಲ್ಲಿ ಆರಂಭವಾಯಿತು, 2007ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಗೆ ಬಂತು. 2009ರಲ್ಲಿ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರು ಕೂಡಿತು.

ಆ ಕಾಯಿದೆಯಲ್ಲಿ ಏನಿತ್ತು? ನೆರವು ಬೇಕಾದವನು ದುಡಿಯಬೇಕು. ಪುಕ್ಕಟೆ ಒಂದು ಕಾಸೂ ಇಲ್ಲ. ಆದರೆ ಷರತ್ತು ಎರಡೂ ಕಡೆಗೆ ಇತ್ತು. ಒಂದು ಮನೆಗೆ ವರುಷಕ್ಕೆ 100 ದಿವಸ ಕೆಲಸ. ಅರ್ಜಿ ಕೊಟ್ಟ 15 ದಿವಸದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ತೆ ಕೊಡಬೇಕು. ಮೊದಲಿನ 30 ದಿವಸ ಕೂಲಿಯ ನಾಲ್ಕನೆಯ ಒಂದು ಪಾಲು, ಆಮೇಲೆ ಅರ್ಧ. ಕೆಲಸ ಊರಿನಿಂದ 5 ಕಿಲೋಮೀಟರಿನೊಳಗೆ ಇರಬೇಕು. ದೂರವಾದರೆ ನೂರಕ್ಕೆ 10 ಹೆಚ್ಚು ಕೂಲಿ. ಧಾತು ಬರದಲ್ಲಿ ದೂರವೇ ಪರೀಕ್ಷೆಯಾಗಿತ್ತು, ಇಲ್ಲಿ ದೂರಕ್ಕೆ ಪರಿಹಾರ ಬಂತು. ಕುಡಿಯುವ ನೀರು, ನೆರಳು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. 2025ರ ಏಪ್ರಿಲಿನಿಂದ ನಮ್ಮ ರಾಜ್ಯದಲ್ಲಿ ಆ ಕೂಲಿ ದಿನಕ್ಕೆ 370 ರೂಪಾಯಿ ಎಂದು ಗೊತ್ತಾಗಿತ್ತು. ಕಾಗದದ ಮೇಲೆ ಇದು ಉತ್ತಮ ನಿಯಮ. ಹಾಗಾದರೆ ಖಾನಾಪುರದ ಆ ತಾಯಿ ಯಾಕೆ ಅತ್ತಳು?

ನಾವು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ತರ್ಕ ಓದಿದೆವು. ಅಲ್ಲಿ ಲಕ್ಷಣಕ್ಕೆ ಮೂರು ದೋಷ ಹೇಳುತ್ತಾರೆ. ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ. ಆಕಳಿಗೆ ಕೋಡು ಇರುತ್ತದೆ ಎಂದು ಲಕ್ಷಣ ಹೇಳಿದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಆಕಳು ಕಪಿಲ ಬಣ್ಣದ್ದು ಎಂದರೆ ಬಿಳಿಯ ಆಕಳು ಹೊರಗೆ ಉಳಿಯುತ್ತದೆ, ಅದು ಅವ್ಯಾಪ್ತಿ. ಆಕಳಿಗೆ ಒಂದೇ ಗೊರಸು ಎಂದರೆ ಯಾವ ಆಕಳೂ ಸಿಗುವದಿಲ್ಲ, ಅದು ಅಸಂಭವ. ಸರಕಾರದ ನಿಯಮಗಳಿಗೂ ಈ ಮೂರೇ ದೋಷ. ಅನರ್ಹನು ಪಡೆದರೆ ಅತಿವ್ಯಾಪ್ತಿ. ಅರ್ಹನಿಗೆ ತಪ್ಪಿದರೆ ಅವ್ಯಾಪ್ತಿ. ದುಡಿ ಎಂದು ಹೇಳಿ ಕೆಲಸವನ್ನೇ ಕೊಡದಿದ್ದರೆ ಅಸಂಭವ.

ನಮ್ಮ ಪಟ್ಟಣದ ಭಕ್ತರಿಗೆ ಅತಿವ್ಯಾಪ್ತಿ ಮಾತ್ರ ಕಾಣುತ್ತದೆ. ಅದು ಸುಳ್ಳಲ್ಲ. ಯಂತ್ರದಿಂದ ಕೆರೆ ತೋಡಿಸಿ ಜನರ ಹೆಸರು ಬರೆದವರಿದ್ದಾರೆ. ಹೊಲದ ಕಡೆ ಹಾಯದವನ ಹೆಸರು ಹಾಜರಿ ಪಟ್ಟಿಯಲ್ಲಿ ಇರುತ್ತದೆ. ಇದನ್ನು ತಡೆಯಬೇಕೆಂದು ಸರಕಾರ 2023ರ ಜನವರಿಯಿಂದ ಎಲ್ಲ ಕೆಲಸದ ಜಾಗೆಗಳಲ್ಲಿ ಮೊಬೈಲಿನ ಹಾಜರಿ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಫೋಟೋ. 2024ರ ಜನವರಿಯಿಂದ ಆಧಾರ ಜೋಡಣೆಯ ಮೂಲಕವೇ ಕೂಲಿ ಎಂದಿತು. ಉದ್ದೇಶ ಒಳ್ಳೆಯದು. ಆದರೆ ಖಾನಾಪುರದ ಪಶ್ಚಿಮ ಭಾಗ ಸಹ್ಯಾದ್ರಿಯ ಕಾಡು. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋಗಿ ನೋಡಿರಿ, ಭೀಮಗಡದ ಕಾಡಿನೊಳಗೆ ಹೋಗಿ ನೋಡಿರಿ. ಮಳೆ ಸಾಕಷ್ಟು, ಮೊಬೈಲಿನ ಜಾಲ ಅಪರೂಪ. ಬೆಳಗಿನಿಂದ ಮಣ್ಣು ಹೊತ್ತವಳ ಫೋಟೋ ಮೇಲೆ ಹೋಗದಿದ್ದರೆ ಆ ದಿನದ ಕೂಲಿಗೇ ಆತಂಕ. ಹೆಬ್ಬೆರಳು ಸವೆದವರಿಗೆ, ಒಂದು ಕಾಗದದಲ್ಲಿ ಒಂದು ಹೆಸರು ಮತ್ತೊಂದರಲ್ಲಿ ಮತ್ತೊಂದು ಇದ್ದವರಿಗೆ ಮತ್ತೊಂದು ಆತಂಕ. ಇತ್ತ ಮೋಸಗಾರನು ಏನು ಮಾಡಿದ? ಫೋಟೋದ ಫೋಟೋ ತೆಗೆದು ಕಳಿಸಿದ. ಹೀಗೆ ನಡೆಯುತ್ತಿದೆಯೆಂದು 2025ರ ಜುಲೈದಲ್ಲಿ ಕೇಂದ್ರ ಸರಕಾರವೇ ಸುತ್ತೋಲೆ ಹೊರಡಿಸಬೇಕಾಯಿತು. ಅತಿವ್ಯಾಪ್ತಿ ಹೋಗಲಿಲ್ಲ, ಅವ್ಯಾಪ್ತಿ ಬೆಳೆಯಿತು.

ಇದು ನಮ್ಮ ದೇಶದ ಕಥೆ ಮಾತ್ರ ಎಂದು ತಿಳಿಯಬೇಡಿರಿ. ಅಮೇರಿಕೆಯಲ್ಲಿ ಅರ್ಕನ್ಸಾ ಎಂಬ ಒಂದು ರಾಜ್ಯ. ಬಡವರಿಗೆ ಸರಕಾರ ಕೊಡುವ ಔಷಧೋಪಚಾರದ ನೆರವು ಬೇಕಾದರೆ ತಿಂಗಳಿಗೆ 80 ತಾಸು ದುಡಿದ ಲೆಕ್ಕ ಕೊಡಬೇಕೆಂದು 2018ರಲ್ಲಿ ನಿಯಮ ಮಾಡಿದರು. ಲೆಕ್ಕವನ್ನು ಗಣಕಯಂತ್ರದ ಮೂಲಕವೇ ಕೊಡಬೇಕು. ರಾತ್ರಿ 9ಕ್ಕೆ ಆ ಬಾಗಿಲು ಮುಚ್ಚುತ್ತಿತ್ತು. ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಮಿಕ್ಕಿ ಜನ ನೆರವು ಕಳಕೊಂಡರು. ಪಂಡಿತರು ಪರಿಶೀಲಿಸಿ ನೋಡಿದರೆ ದುಡಿಯುವವರ ಸಂಖ್ಯೆ ಏನೂ ಹೆಚ್ಚಿರಲಿಲ್ಲ. ನಿಯಮಕ್ಕೆ ಒಳಪಟ್ಟವರಲ್ಲಿ ಬಹುತೇಕರು ಮೊದಲೇ ದುಡಿಯುತ್ತಿದ್ದರು, ಇಲ್ಲವೆ ದುಡಿಯಲಾರದವರಾಗಿದ್ದರು. 2019ರ ಮಾರ್ಚದಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. ಆದರೂ 2025ರಲ್ಲಿ ಅಂಥದೇ 80 ತಾಸಿನ ನಿಯಮವನ್ನು ಅಲ್ಲಿಯ ಸಂಸತ್ತು ದೇಶಕ್ಕೆಲ್ಲ ಕಾಯಿದೆ ಮಾಡಿತು. ಕಂಡ ಗುಂಡಿಯಲ್ಲಿಯೇ ಮನುಷ್ಯ ಮತ್ತೆ ಮತ್ತೆ ಬೀಳುತ್ತಾನೆ.

ಸರಕಾರದ ತಪ್ಪನ್ನು ಎಣಿಸುವದು ಸುಲಭ. ಈಗ ನಮ್ಮ ತಪ್ಪನ್ನು ಹೇಳುತ್ತೇವೆ. ಇದನ್ನು ನಾವು ಸಭೆಯಲ್ಲಿ ಹಿಂದೆ ಹೇಳಿದ್ದಿಲ್ಲ.

ಸುಮಾರು ಹನ್ನೆರಡು ವರುಷದ ಹಿಂದಿನ ಮಾತು. ಶ್ರೀಮಠದ ದಾಸೋಹಕ್ಕೆ ಕೆಲವು ತರುಣರು ದಿನಾಲು ಬಂದು ಉಂಡು, ಮರದ ಬುಡಕ್ಕೆ ಮಲಗಿ, ಮತ್ತೆ ರಾತ್ರಿ ಉಂಡು ಹೋಗುತ್ತಿದ್ದರು. ಒಬ್ಬಿಬ್ಬರ ಬಾಯಿ ವಾಸನೆಯೂ ಹೊಡೆಯುತ್ತಿತ್ತು. ಕಮಿಟಿಯ ಹಿರಿಯರು ಬಂದು ದೂರಿದರು. ನಮಗೂ ಸಿಟ್ಟು ಬಂತು. ಕಾಯಕದ ಪೀಠದಲ್ಲಿ ಕುಳಿತು ಸೋಮಾರಿಗಳನ್ನು ಸಾಕಬೇಕೇ ಎಂದು, ಅಂದೇ ಒಂದು ನಿಯಮ ಮಾಡಿದೆವು. ಬೆಳಿಗ್ಗೆ ಹತ್ತು ಗಂಟೆಯಿಂದ ಹನ್ನೊಂದರವರೆಗೆ ಸೇವೆ. ಕಸ ಹೊಡೆಯಬೇಕು, ಕಾಳು ಹಸನ ಮಾಡಬೇಕು, ಕಟ್ಟಿಗೆ ಹೊರಬೇಕು. ಸೇವೆ ಮಾಡಿದವರಿಗೆ ಚೀಟಿ. ಚೀಟಿ ಇದ್ದವರಿಗೆ ಪ್ರಸಾದ.

ಒಂದು ವಾರದಲ್ಲಿ ಉಣ್ಣುವವರ ಸಂಖ್ಯೆ ಮೂರನೆಯ ಒಂದು ಪಾಲು ಇಳಿಯಿತು. ಹಿರಿಯರು ಬಂದು ವರದಿ ಒಪ್ಪಿಸಿದರು. ನೋಡಿರಿ, ಇಷ್ಟು ಜನ ಸೋಮಾರಿಗಳಿದ್ದರು, ಓಡಿಹೋದರು ಎಂದರು. ನಮಗೆ ಸಂತೋಷವಾಯಿತು. ಆ ಸಂತೋಷವೇ ನಮ್ಮ ಪಾಪ.

ಹದಿನೈದು ದಿವಸದ ಮೇಲೆ ಖಾನಾಪುರ ಕಡೆಯ ಒಬ್ಬ ಹೆಣ್ಣುಮಗಳು ಗದ್ದುಗೆಗೆ ಕಾಯಿ ಒಡೆಸಲು ಬಂದಿದ್ದಳು. ಮುಖ ಬಾಡಿತ್ತು. ಉಂಡೆಯೇನವ್ವಾ ಎಂದು ಕೇಳಿದೆವು. ಸುಮ್ಮನೆ ನಿಂತಳು. ಮತ್ತೆ ಕೇಳಿದ ಮೇಲೆ ಹೇಳಿದಳು. ಗಂಡನನ್ನು ದವಾಖಾನೆಗೆ ಹಾಕಿ ಎಂಟು ದಿವಸವಾಗಿತ್ತು. ಮೊದಲಿನ ಎರಡು ದಿವಸ ಇಲ್ಲಿಯೇ ಬಂದು ಚೀಟಿ ಪಡೆದು ಉಂಡಳು. ಆಮೇಲೆ ಡಾಕ್ಟರು ಬರುವ ಹೊತ್ತು ಹತ್ತು ಗಂಟೆಗೆ ಬದಲಾಯಿತು. “ಯಪ್ಪಾ, ನಾ ದುಡಿಯಾಕ ಅಂಜಾಕಿ ಅಲ್ರಿ. ಚೀಟಿ ಕೊಡೂ ಹೊತ್ತಿಗೆ ಡಾಕ್ಟರು ಬರ್ತಾರ. ಅವರು ಬಂದಾಗ ನಾ ಇಲ್ಲಂದ್ರ ಔಷಧಿ ಚೀಟಿ ಯಾರ ಕೈಯಾಗ ಕೊಡಬೇಕು? ಅದಕ್ಕ ಚಹಾ ಕುಡದು ಇದ್ದೆ” ಎಂದಳು. ಮಠದ ಅಡುಗೆಮನೆಯಲ್ಲಿ ಅನ್ನ ಉಳಿದ ದಿವಸವೇ ಆಕೆ ಉಪವಾಸ ಇದ್ದಳು. ಬಾಗಿಲಲ್ಲಿ ನಿಂತ ನಮ್ಮ ಸೇವಕನು ನಮ್ಮ ಆಜ್ಞೆಯನ್ನು ತಪ್ಪದೆ ಪಾಲಿಸಿದ್ದನು. ಅವನ ತಪ್ಪಿಲ್ಲ.

ಆ ಮೇಲೆ ವಿಚಾರಿಸಿದೆವು. ಬರುವದನ್ನು ನಿಲ್ಲಿಸಿದವರು ಯಾರು? ದವಾಖಾನೆಯಲ್ಲಿ ರೋಗಿಗಳನ್ನು ಕಾಯುವವರು. ಕಣ್ಣು ಕಾಣದ ಒಬ್ಬ ಮುದುಕ. ಚೀಟಿ ಕೇಳಲು ನಾಚಿಕೆಪಟ್ಟ ಒಬ್ಬ ವಡಗಾವಿಯ ನೇಕಾರ. ಮಗ್ಗ ನಿಂತಿತ್ತು, ಆದರೆ ತನ್ನ ಓಣಿಯವರ ಮುಂದೆ ಸಾಲಿನಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಇನ್ನು ಆ ತರುಣರು? ಅವರು ತಪ್ಪದೆ ಉಣ್ಣುತ್ತಿದ್ದರು! ಒಬ್ಬನು ಕಸಬರಿಗೆ ಹಿಡಿದು ನಿಲ್ಲುವನು, ನಾಲ್ಕು ಜನರ ಚೀಟಿ ತೆಗೆದುಕೊಳ್ಳುವನು. ನಾವು ಯಾರನ್ನು ತಡೆಯಲು ನಿಯಮ ಮಾಡಿದೆವೋ ಅವರಿಗೆ ನಿಯಮ ದಾಟುವ ಪುರುಸೊತ್ತು ಇತ್ತು. ಯಾರಿಗೆ ಪುರುಸೊತ್ತು ಇರಲಿಲ್ಲವೋ ಅವರು ಉಪವಾಸ ಬಿದ್ದರು. ನಾವು ತಾಟುಗಳನ್ನು ಎಣಿಸಿದೆವು, ಮನುಷ್ಯರನ್ನು ಎಣಿಸಲಿಲ್ಲ. ತರ್ಕ ಓದಿದವರು ನಾವು! ಅತಿವ್ಯಾಪ್ತಿ, ಅವ್ಯಾಪ್ತಿ ಎಂದು ಪಾಠ ಒಪ್ಪಿಸಿದವರು ನಾವು!

ಅಂದೇ ನಿಯಮವನ್ನು ತಿರುವಿ ಹಾಕಿದೆವು. ಪ್ರಸಾದ ಮೊದಲು, ಸೇವೆ ಆಮೇಲೆ. ಊಟವಾದ ಮೇಲೆ ಒಂದು ಗಂಟೆ ಬಾರಿಸುತ್ತಾರೆ. ಮನಸ್ಸಿದ್ದವರು, ಮೈಯಲ್ಲಿ ಶಕ್ತಿ ಇದ್ದವರು ಬರಬಹುದು. ಆ ಹೆಣ್ಣುಮಗಳು ಗಂಡ ಗುಣವಾಗಿ ಊರಿಗೆ ಹೋಗುವತನಕ ಮಧ್ಯಾಹ್ನವೆಲ್ಲ ಪಾತ್ರೆ ತಿಕ್ಕಿದಳು, ಬೇಡವೆಂದರೂ ಕೇಳಲಿಲ್ಲ. ಆ ತರುಣರಲ್ಲಿ ಇಬ್ಬರು ಬಿಟ್ಟುಹೋದರು. ಒಬ್ಬನು ಬಹಳ ದಿವಸ ಉಂಡು ಮಲಗುತ್ತಲೇ ಇದ್ದನು. ಅವನನ್ನೂ ಉಣಿಸಿದೆವು. ಇನ್ನೊಬ್ಬನನ್ನು ಕರೆದು ಮಾತನಾಡಿಸಿದಾಗ, ಉದ್ಯಮಬಾಗದ ಕಾರಖಾನೆಯಲ್ಲಿ ಕೆಲಸ ಹೋಗಿದೆ, ಮನೆಗೆ ಹೇಳಿಲ್ಲ ಎಂದು ಅತ್ತನು. ಅವನಿಗೆ ಬೇಕಾದದ್ದು ಚೀಟಿಯಲ್ಲ, ಕೆಲಸ. ಭಕ್ತರೊಬ್ಬರ ಅಂಗಡಿಯಲ್ಲಿ ಹಚ್ಚಿದೆವು. ಈಗಲೂ ಅಲ್ಲಿಯೇ ಇದ್ದಾನೆ. ಎಲ್ಲರೂ ಸುಧಾರಿಸಿದರೆಂದು ನಾವು ಹೇಳುವದಿಲ್ಲ. ಆದರೆ ಹಸಿದವರು ತಿರುಗಿ ಹೋಗಲಿಲ್ಲ.

ಈ ಅನುಭವದಿಂದ ಹೇಳುತ್ತೇವೆ. ಮೀಮಾಂಸಾ ಶಾಸ್ತ್ರದಲ್ಲಿ ಅಧಿಕಾರ ಎಂಬ ವಿಚಾರವಿದೆ. ಒಂದು ಕರ್ಮವನ್ನು ಮಾಡು ಎಂದು ವಿಧಿ ಹೇಳಿದರೆ ಅದು ಯಾರಿಗೆ ಅನ್ವಯಿಸುತ್ತದೆ? ಮಾಡುವ ಸಾಮರ್ಥ್ಯ ಉಳ್ಳವನಿಗೆ. ಅಶಕ್ತನಿಗೆ ಆ ವಿಧಿಯೇ ಇಲ್ಲ, ಆದ್ದರಿಂದ ಮಾಡಲಿಲ್ಲವೆಂಬ ದೋಷವೂ ಇಲ್ಲ. ಯಜ್ಞ ಮಾಡೆಂದು ಹೇಳುವ ಶಾಸ್ತ್ರಕ್ಕೇ ಇಷ್ಟು ವಿವೇಕವಿದ್ದರೆ, ಅನ್ನ ಕೊಡುವ ನಿಯಮಕ್ಕೆ ಎಷ್ಟು ಇರಬೇಕು!

ಹಾಗಾದರೆ ಒಳ್ಳೆಯ ನಿಯಮದ ಲಕ್ಷಣ ಏನು? ಮೊದಲನೆಯದು, ದುಡಿ ಎನ್ನುವವನು ಕೆಲಸವನ್ನು ಕೈಯಲ್ಲಿ ಹಿಡಿದು ದುಡಿ ಎನ್ನಬೇಕು. ಎರಡನೆಯದು, ಮುದುಕರು, ರೋಗಿಗಳು, ಬಾಣಂತಿಯರು, ರೋಗಿಯ ಮಗ್ಗುಲಲ್ಲಿ ಕುಳಿತವರು, ಇವರಿಗೆ ದುಡಿಮೆಯ ಷರತ್ತು ತಗಲಬಾರದು. ಮೂರನೆಯದು, ಲೆಕ್ಕ ಇಡುವ ಭಾರವನ್ನು ಬಡವನ ಮೇಲೆ ಹಾಕಬಾರದು. ಲೆಕ್ಕ ಬೇಕಾದವನೇ ಅದನ್ನು ಹೊರಬೇಕು. ಜಾಲ ಸಿಗದಿದ್ದರೆ ಕಾಗದದ ಹಾಜರಿ ನಡೆಯಬೇಕು. ನಾಲ್ಕನೆಯದು, ದುಡಿದವನ ಕೂಲಿ ಬೆವರು ಆರುವದರೊಳಗೆ ಮುಟ್ಟಬೇಕು. ಐದನೆಯದು, ಸಂಶಯ ಬಂದಾಗ ಮೊದಲು ಉಣಿಸಿ ಆಮೇಲೆ ವಿಚಾರಿಸಬೇಕು. ಅನರ್ಹನೊಬ್ಬನು ಉಂಡರೆ ಒಂದು ತಾಟು ಅನ್ನ ಹೋಯಿತು. ಅರ್ಹನೊಬ್ಬನು ಹಸಿದು ಹೋದರೆ ದಾಸೋಹವೇ ಹೋಯಿತು.

2025ರ ಡಿಸೆಂಬರದಲ್ಲಿ ನಮ್ಮ ಸಂಸತ್ತು ಹಳೆಯ ಉದ್ಯೋಗ ಖಾತರಿ ಕಾಯಿದೆಯ ಜಾಗೆಯಲ್ಲಿ ಹೊಸ ಕಾಯಿದೆ ಅಂಗೀಕರಿಸಿತು. 100 ದಿವಸದ ಬದಲು 125 ದಿವಸ ಎಂದಿದೆ. ಬಿತ್ತನೆ ಸುಗ್ಗಿಯ ಕಾಲದಲ್ಲಿ ವರುಷಕ್ಕೆ 60 ದಿವಸದವರೆಗೆ ಕೆಲಸ ನಿಲ್ಲಿಸಬಹುದು ಎಂದಿದೆ. ಹಿಂದೆ ಕೂಲಿಯ ವೆಚ್ಚವನ್ನೆಲ್ಲ ಕೇಂದ್ರ ಸರಕಾರ ಕೊಡುತ್ತಿತ್ತು. ಹೊಸದರಲ್ಲಿ ನೂರಕ್ಕೆ 40ರ ಪಾಲು ನಮ್ಮಂಥ ರಾಜ್ಯದ ಮೇಲೆ ಬಂದಿದೆ. ಇದನ್ನು ಹೊಗಳುವವರಿದ್ದಾರೆ, ತೆಗಳುವವರಿದ್ದಾರೆ. ಆ ರಾಜಕಾರಣ ಮಠದ್ದಲ್ಲ. ದಿವಸ ಹೆಚ್ಚಾದದ್ದು ಒಳ್ಳೆಯದೇ. ಆದರೆ ನಿಲ್ಲಿಸಿದ ಆ 60 ದಿವಸದಲ್ಲಿ ಯಾರಿಗೂ ಹೊಲದ ಕರೆ ಬರದಿದ್ದರೆ ಆ ಮನೆಯ ಒಲೆ ಹೇಗೆ ಉರಿಯಬೇಕು ಎಂದು ಕೇಳುವದು ಮಠದ ಕೆಲಸ. ಹೊಲದವರೂ ಇಲ್ಲಿ ಕುಳಿತಿದ್ದೀರಿ, ನಿಮ್ಮನ್ನೇ ಕೇಳುತ್ತೇವೆ. ನಾಟಿಯ ಕಾಲದಲ್ಲಿ ಆಳು ಬೇಕು ಎನ್ನುತ್ತೀರಿ. ನೀವು ಕೊಡುವ ಕೂಲಿ ಎಷ್ಟು? ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು? ಸರಕಾರದ ಮಣ್ಣು ಹೊತ್ತರೆ ಇಬ್ಬರಿಗೂ ಒಂದೇ, ನಿಮ್ಮ ಗದ್ದೆಯಲ್ಲಿ ಬಗ್ಗಿದರೆ ಹೆಣ್ಣಿಗೆ ಕಡಿಮೆ. ಹಾಗಾದರೆ ಆಕೆ ಎಲ್ಲಿಗೆ ಹೋಗಬೇಕು? ಆಳು ಸಿಗುವದಿಲ್ಲ ಎಂಬುದು ಸೋಮಾರಿತನದ ಲಕ್ಷಣವೇ ಎಂದು ಒಮ್ಮೆ ನಿಮ್ಮ ಎದೆ ಮುಟ್ಟಿ ನೋಡಿಕೊಳ್ಳಿರಿ.

2023ರ ಆಗಸ್ಟದಿಂದ ನಮ್ಮ ರಾಜ್ಯದಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಅದಕ್ಕೆ ದುಡಿಮೆಯ ಷರತ್ತಿಲ್ಲ. ಪುಕ್ಕಟೆ ಎಂದು ಬೈಯುತ್ತೀರಿ. ನಸುಕಿನಲ್ಲಿ ಎದ್ದು ನೀರು ತುಂಬಿ, ರೊಟ್ಟಿ ಬಡಿದು, ಅತ್ತೆಯ ಕಾಲು ತೊಳೆದು, ಮಕ್ಕಳನ್ನು ಸಾಲಿಗೆ ಕಳಿಸಿದವಳು ದುಡಿಯಲಿಲ್ಲವೇ? ಪಗಾರ ಬರುವದು ಮಾತ್ರ ಕಾಯಕವೆಂದು ಯಾವ ಶರಣರು ಹೇಳಿದರು?

ಪಡೆಯುವವರಿಗೂ ಒಂದು ಮಾತು ಹೇಳದೆ ಬಿಡುವದಿಲ್ಲ. ಖಾನಾಪುರದ ತಾಯಂದಿರೆ, ಮಾಡದ ಕೆಲಸಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಅರ್ಧ ನಿನಗೆ ಅರ್ಧ ನನಗೆ ಎಂದು ಬರುವ ಗುತ್ತಿಗೆದಾರನಿಗೆ ನಿಮ್ಮ ಕಾರ್ಡು ಕೊಡಬೇಡಿರಿ. ಲಕ್ಕಮ್ಮನ ಮಾತು ನಿಮಗೂ ಉಂಟು. ನಿತ್ಯಕ್ಕಿಂತ ಮಿಕ್ಕಿದ್ದನ್ನು ಸುರಿದು ಬರಬೇಕು. ನಿಮ್ಮೊಬ್ಬರ ಸುಳ್ಳು ಹೆಬ್ಬೆಟ್ಟಿನ ಹೆಸರು ಹೇಳಿ ನೂರು ಜನರ ಬಾಯಿ ಮುಚ್ಚಿಸುತ್ತಾರೆ. ಮತ್ತು ಕೆಲಸ ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿರಿ. ಅರ್ಜಿ ಬರೆದು ಕೊಡಿರಿ, ದಿನಾಂಕ ಹಾಕಿದ ರಸೀದಿ ಪಡೆಯಿರಿ. ರಸೀದಿ ಇಲ್ಲದ ಅರ್ಜಿಗೆ ಹದಿನೈದು ದಿವಸ ಯಾವಾಗ ತುಂಬಿತೆಂದು ಯಾರು ಹೇಳಬೇಕು? ಆ ತಾಯಿಯನ್ನು ನಾವು ಕೇಳಿದೆವು. ಆಕೆಯ ಹತ್ತಿರ ರಸೀದಿ ಇರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಆಕೆ ಕೇಳಿರಲೂ ಇಲ್ಲ. ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆ ಮುಂತಾದವರು ನಮ್ಮ ಜಿಲ್ಲೆಯಲ್ಲಿ ಈ ರಸೀದಿಗಾಗಿಯೇ ಕೂಲಿಕಾರರನ್ನು ಕೂಡಿಸಿದ್ದಾರೆ. ಒಬ್ಬರೇ ಹೋದರೆ ನಾಳೆ ಬಾ ಎನ್ನುತ್ತಾರೆ, ಇಪ್ಪತ್ತು ಜನ ಹೋದರೆ ಕೂಡ್ರಿರಿ ಎನ್ನುತ್ತಾರೆ.

ಕಡೆಯದಾಗಿ ಒಂದು ನಿರ್ಣಯ ತಿಳಿಸುತ್ತೇವೆ. ಬರುವ ತಿಂಗಳಿನಿಂದ ಅಕ್ಷರ ಬಲ್ಲ ನಮ್ಮ ಭಕ್ತರು ಸೋಮವಾರ ಖಾನಾಪುರಕ್ಕೆ ಹೋಗಿ ಅರ್ಜಿ ಬರೆದು ಕೊಡುವ ಸೇವೆ ಮಾಡಬೇಕು. ಮಠಕ್ಕೆ ಒಂದು ಚೀಲ ಅಕ್ಕಿ ಕೊಡುವ ಪುಣ್ಯಕ್ಕಿಂತ ಇದು ಕಡಿಮೆಯದಲ್ಲ. ಆ ವ್ಯಾಪಾರಸ್ಥ ಭಕ್ತರು ಈ ಸಭೆಯಲ್ಲಿಯೇ ಇದ್ದಾರೆ. ಅವರ ಹೆಸರು ಹೇಳುವದಿಲ್ಲ. ಮೊದಲನೆಯ ಸೋಮವಾರ ತಮ್ಮ ಗಾಡಿ ಕೊಡುತ್ತೇವೆ, ತಾವೂ ಬರುತ್ತೇವೆ ಎಂದು ನಿನ್ನೆ ರಾತ್ರಿ ಬಂದು ಹೇಳಿ ಹೋದರು. ಬರಲಿ. ಆ ತಾಯಿಯ ಮಗ್ಗುಲಲ್ಲಿ ಕುಳಿತು ಅರ್ಜಿ ಬರೆಯಲಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ನಮಗಿಂತ ಚೆನ್ನಾಗಿ ಆಕೆಯೇ ಕೊಡುತ್ತಾಳೆ.

ಕಾಯಕವನ್ನು ನಮ್ಮ ಮೇಲೆ ಬಿಗಿಯಾಗಿ ಇಟ್ಟುಕೊಳ್ಳೋಣ, ದಾಸೋಹದ ಬಾಗಿಲನ್ನು ಬಂದವರಿಗೆ ಅಗಲವಾಗಿ ಇಡೋಣ. ಪ್ರಸಾದ ಸಿದ್ಧವಾಗಿದೆ, ಎಲ್ಲರೂ ಉಂಡು ಹೋಗಿರಿ. ಊಟವಾದ ಮೇಲೆ ಗಂಟೆ ಬಾರಿಸುತ್ತಾರೆ. ಮನಸ್ಸಿದ್ದವರು ಪಾತ್ರೆ ತಿಕ್ಕಲು ಬರ್ರಿ. ನಾವೂ ಅಲ್ಲಿಯೇ ಇರುತ್ತೇವೆ.